ಸಿಬಿರು ಏಳುವ ಕಡೆ

ಗಂಟು ಬಿಚ್ಚುತ್ತ ಕೂರಲು ಪುರುಸೊತ್ತಿರಲಿಲ್ಲ. ಎರ್ಮಿಂದಾ ಹಗ್ಗವನ್ನು ಉಳಿಯಿಂದ ಕೊಯ್ದೇಬಿಟ್ಟಳು.

ಊರೆಲ್ಲ ಭಾನುವಾರದ ಪೂಜೆಗೆ ಹೋಗಿತ್ತು, ಮೇಸ್ತ್ರಿ ಕ್ಲೊರಿಂದೊ ಕೂಡ. ದೋಣಿ ಕಟ್ಟುವ ಕೊಟ್ಟಿಗೆಯ ಅಟ್ಟದಲ್ಲಿ ಅವಳೊಬ್ಬಳೇ. ಎದುರಿಗೆ ಹಾಯಿಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ವಸ್ತು. ಇಷ್ಟು ದಿನ ಈ ಮನುಷ್ಯನ ಕೈಕೆಳಗೆ ಹಲ್ಲು ಕಚ್ಚಿಕೊಂಡು ದುಡಿದದ್ದು ಇದಕ್ಕಾಗಿಯೇ.

ಎರಡು ಚಳಿಗಾಲದ ಹಿಂದೆ ಅವಳ ಗಂಡ ಬೆಲಾರ್ಮಿನೊ ತನ್ನ ದೋಣಿ ‘ಗೊಲೊಂದ್ರಿನಾ’ ಹತ್ತಿ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಹೋದದ್ದು ಒಬ್ಬನೇ. ದಡಕ್ಕೆ ಹುಟ್ಟು ಹಾಕಿಕೊಂಡು ಬರಲು ಎಲ್ಲರಂತೆ ಒಂದು ಪುಟ್ಟ ದೋಣಿಯನ್ನು ಹಿಂದೆ ಕಟ್ಟಿಕೊಂಡಿದ್ದ. ಅಂದು ಗಾಳಿಯೂ ಇರಲಿಲ್ಲ. ಮರುದಿನ ಬೆಳಗ್ಗೆ ಗೊಲೊಂದ್ರಿನಾ ಬಂಡೆಗಳ ಮೇಲೆ ಚೂರುಚೂರಾಗಿ ಬಿದ್ದಿತ್ತು. ಹೆಣ ಸಿಗಲಿಲ್ಲ, ಪುಟ್ಟ ದೋಣಿಯೂ ಸಿಗಲಿಲ್ಲ. ಎರಡನ್ನೂ ಸಮುದ್ರ ನುಂಗಿತು ಎಂದು ಊರು ಕಣ್ಣೊರೆಸಿಕೊಂಡಿತು. ಎರ್ಮಿಂದಾ ಖಾಲಿ ಪೆಟ್ಟಿಗೆಯನ್ನು ಮಣ್ಣು ಮಾಡಿ ವಿಧವೆಯ ಕಪ್ಪು ಬಟ್ಟೆ ತೊಟ್ಟಳು.

ಗೊಲೊಂದ್ರಿನಾ ಕಟ್ಟಿದವನು ಕ್ಲೊರಿಂದೊ. ಆ ಬೆಳಗ್ಗೆ ಅವನು ಎಲ್ಲರಿಗಿಂತ ಮೊದಲು ದಡಕ್ಕೆ ಹೋಗಿ, ಒಂದು ಹಲಗೆಯನ್ನು ಹೆಗಲ ಮೇಲೆ ಹೊತ್ತು ನಡೆದದ್ದನ್ನು ಚಿಪ್ಪು ಆಯುವ ಹೆಂಗಸರು ಕಂಡಿದ್ದರು. ತಪ್ಪಿಲ್ಲದವನು ಯಾಕೆ ಬಚ್ಚಿಡುತ್ತಾನೆ? ಅಂದಿನಿಂದ ಚಿಲೊಯೆ ದ್ವೀಪದ ಆ ಕೊಲ್ಲಿಯಲ್ಲಿ ಯಾರೂ ಅವನಿಂದ ಹೊಸ ದೋಣಿ ಕಟ್ಟಿಸಲಿಲ್ಲ; ಹಳೆಯದರ ರಿಪೇರಿಯಷ್ಟೇ ಬರುತ್ತಿತ್ತು. ಚರ್ಚಿನಲ್ಲಿ ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ.

ಅಂಥವನ ಬಾಗಿಲಿಗೆ ಎರ್ಮಿಂದಾ ತಾನಾಗಿಯೇ ಹೋಗಿದ್ದಳು.

“ಕೆಲಸ ಕಲಿಸಿ. ಕಲಿಯೋವಾಗ್ಲೂ ಸಂಬಳ ಕೊಡ್ಬೇಕು.”

ಅವನು ಅವಳ ಕಪ್ಪು ಬಟ್ಟೆಯನ್ನು ಬಹಳ ಹೊತ್ತು ನೋಡಿದ. “ನಾಳೆಯಿಂದ ಬಾ.”

ಪಾಪ ಕಚ್ಚುತ್ತಿದೆ, ಕಚ್ಚಲಿ, ಎಂದುಕೊಂಡಳು. ನೆರೆಮನೆಯ ಸುನಿಲ್ದಾ ಬೇಲಿಯಾಚೆಯಿಂದಲೇ ಉಗಿದಳು: “ಗಂಡನ್ನ ಮುಳುಗಿಸಿದವನ ಕೈಯಿಂದ ಸಂಬಳ ಎಣಿಸ್ಕೊಳ್ತೀಯಲ್ಲೇ! ಆ ದುಡ್ಡಲ್ಲಿ ತಂದ ಆಲೂಗಡ್ಡೆ ಗಂಟಲಲ್ಲಿ ಇಳಿಯುತ್ತಾ?” ಇಳಿಯುತ್ತಿರಲಿಲ್ಲ. ಆದರೂ ನುಂಗಿದಳು. ಒಳಗೆ ಸೇರದೆ ಆ ಹಲಗೆ ಸಿಗುವುದು ಹೇಗೆ?

ಮೊದಲ ವಾರ ಬೈರಿಗೆ ಹಿಡಿದು ತೂತು ಕೊರೆದಾಗ ಹಲಗೆಯ ಆಚೆ ಬದಿ ಸಿಬಿರೆದ್ದು ಹಾಳಾಗಿತ್ತು. ಮೇಸ್ತ್ರಿ ಅವಳ ಹೆಬ್ಬೆರಳು ಹಿಡಿದು ತೂತಿನ ಅಂಚಿಗೆ ಒತ್ತಿದ್ದ.

“ನೋಡು. ಬೈರಿಗೆ ಒಳಗೆ ಹೋಗೋ ಕಡೆ ನುಣುಪು. ಹೊರಗೆ ಬರೋ ಕಡೆ ಸಿಬಿರು. ಮರ ಸುಳ್ಳು ಹೇಳಲ್ಲ. ಹಿಂದೆ ಒಂದು ಚೂರು ಹಲಗೆ ಆನಿಸಿ ಹಿಡ್ಕೊ.”

ಬಯ್ಯುತ್ತಲೇ ಕಲಿಸಿದ. ಹಗೆ ಸಾಧಿಸಲು ಬಂದವಳ ಕೈಗೆ ವಿದ್ಯೆಯೇ ಹತ್ತಿಬಿಟ್ಟಿತು. ಅವಳು ಬಡಿದು ಕೂರಿಸಿದ ಹಲಗೆಯಲ್ಲಿ ಈಗ ನೀರು ಒಸರುತ್ತಿರಲಿಲ್ಲ. ಅದಕ್ಕೆ ಖುಷಿಯಾದಾಗಲೆಲ್ಲ ತನ್ನ ಮೇಲೇ ಅಸಹ್ಯಪಡುತ್ತಿದ್ದಳು.

ಗೋಡೆಯ ಮೇಲೆ ಸಲಕರಣೆಗಳ ಸಾಲಿನಲ್ಲಿ ಒಂದು ಮೊಳೆ ಮಾತ್ರ ಸದಾ ಖಾಲಿ. ಒಮ್ಮೆ ಕೇಳಿದ್ದಳು.

“ದೊಡ್ಡ ಬೈರಿಗೆ ಇತ್ತು,” ಎಂದಿದ್ದ ಮೇಸ್ತ್ರಿ. “ಮನೇಲಿ ಕಪಾಟು ಕೂರಿಸ್ಬೇಕು ಅಂತ ಒಬ್ಬ ಕೇಳಿ ತಗೊಂಡು ಹೋದ. ವಾಪಸ್ ಬರ್ಲಿಲ್ಲ.”

“ಹೋಗಿ ಕೇಳ್ಬೇಕಿತ್ತು.”

“ಎಲ್ಲಿಗೆ ಹೋಗಿ ಕೇಳ್ಲಿ? ಬಿಡು.”

ಈಗ ಹಾಯಿಬಟ್ಟೆ ಸರಿಯಿತು. ಬೆಲಾರ್ಮಿನೊ ತಾನೇ ಬಳಿದಿದ್ದ ನೀಲಿ ಬಣ್ಣ. ಹಲಗೆಯ ಉದ್ದಕ್ಕೂ ತೂತುಗಳು. ಮರದ ಮೊಳೆ ಬಡಿಯುವ ಜಾಗದಲ್ಲಲ್ಲ, ದೋಣಿಯ ಪಕ್ಕೆಮರಗಳ ನಡುವೆ, ಬರಿದೆ ಬಾಯಿ ತೆರೆದುಕೊಂಡಿದ್ದವು. ತಪ್ಪು ಜಾಗದಲ್ಲಿ ಕೊರೆದು, ನಾರು ತುರುಕಿ ಮುಚ್ಚಿಬಿಟ್ಟಿದ್ದಾನೆ ಕಳ್ಳ! ನಾರು ಕಿತ್ತು ನೀರು ನುಗ್ಗಿದೆ. ಪೂಜೆ ಮುಗಿಯುವ ಹೊತ್ತಿಗೆ ಇದನ್ನು ಚರ್ಚಿನ ಮೆಟ್ಟಿಲ ಮೇಲೆ ಹಾಕಬೇಕು, ಊರ ಮುಂದೆ ಅವನ ಬಾಯಿ ಬಿಡಿಸಬೇಕು. ಹಲಗೆಯನ್ನು ಎಳೆದು ಕೆಳಗಿಳಿಸಿದಳು.

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಒಂಟಿ ಬೆಂಚು ಸಾಕಾಗಿ ನಡುವೆಯೇ ಎದ್ದು ಬಂದಿದ್ದ.

“ಕೆಳಗಿಡು, ಮಗಳೇ.”

“ಮಗಳು ಗಿಗಳು ಅನ್ಬೇಡಿ! ಊರಿಗೆ ಗೊತ್ತಾಗುತ್ತೆ ಅಂತ ಭಯಾನಾ?”

“ಊರಿಗಲ್ಲ. ನಿನಗೆ.” ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಸುಡ್ಬೇಕು ಅಂತ ಎಷ್ಟೋ ಸಲ ಒಲೆ ತನಕ ಒಯ್ದೆ. ನಾನೇ ಕೀಸಿದ ಹಲಗೆ, ಮನಸ್ಸು ಬರ್ಲಿಲ್ಲ.”

“ನನ್ನ ಗಂಡನ್ನ ಕೊಂದ ಹಲಗೆ ಇದು!”

ಅವನು ತಡೆಯಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಅಳುತ್ತ ಹಲಗೆಯನ್ನು ಹೆಗಲಿಗೆ ಎತ್ತಿದಳು. ಎತ್ತುವಾಗ ಹೆಬ್ಬೆರಳು ಅಭ್ಯಾಸದಂತೆ ತಾನಾಗಿಯೇ ತೂತಿನ ಅಂಚಿಗೆ ಹೋಯಿತು.

ನಿಂತಳು. ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟು ಮಗುಚಿದಳು. ಇನ್ನೊಂದು ತೂತು, ಮತ್ತೊಂದು. ದೋಣಿಯ ಒಳಗಿದ್ದ ಮೈಯಲ್ಲಿ ಅಂಚೆಲ್ಲ ನುಣುಪಾಗಿತ್ತು. ಸಿಬಿರೆಲ್ಲ ಹೊರಗೆ, ನೀಲಿ ಬಣ್ಣವನ್ನು ಸೀಳಿಕೊಂಡು ಎದ್ದಿತ್ತು. ಬಣ್ಣ ಒಣಗಿದ ಮೇಲೆ, ದೋಣಿಯೊಳಗೆ ಕೂತು ಕೊರೆದ ತೂತುಗಳು. ದೋಣಿಯಲ್ಲಿದ್ದವನು ಒಬ್ಬನೇ. ಹಿಂದೆ ಕಟ್ಟಿದ್ದ ಪುಟ್ಟ ದೋಣಿ ಇಂದಿಗೂ ಸಿಕ್ಕಿಲ್ಲ.

“ಆ ಬೈರಿಗೆ,” ಎಂದಳು ಎರ್ಮಿಂದಾ, ಗೋಡೆಯ ಖಾಲಿ ಮೊಳೆಯತ್ತ ನೋಡುತ್ತ. “ಕಪಾಟು ಕೂರಿಸ್ತೀನಿ ಅಂತ ಯಾರು ತಗೊಂಡು ಹೋದದ್ದು, ಮೇಸ್ತ್ರಿ?”

ಕ್ಲೊರಿಂದೊ ಮೊದಲ ದಿನ ನೋಡಿದ ಹಾಗೆಯೇ ಅವಳ ಕಪ್ಪು ಬಟ್ಟೆಯನ್ನು ನೋಡುತ್ತ ನಿಂತ.