ಕೆಳಗಿಳಿದ ಪಟ

"ಸ್ನಾಯುವಿನ ಹೆಸರು ಆಮೇಲೆ ಹೇಳುವಿಯಂತೆ. ಮೊದಲು ಜಾಗ ತೋರಿಸು," ಎಂದು ಮೇಡಂ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತರು. ಮಸಾಜ್ ಪರೀಕ್ಷೆಗೆ ಮೈಯೊಡ್ಡಿ ಕೂರಬೇಕಿದ್ದ ಮಾಡೆಲ್ ಕೈಕೊಟ್ಟಿದ್ದರಿಂದ ಅವನ ಜಾಗದಲ್ಲಿ ಅವರೇ ಕೂತಿದ್ದರು. ಹುಡುಗಿಗೆ ಭುಜದ ಸ್ನಾಯುಗಳ ಹೆಸರು ನಾಲಿಗೆಗೆ ಬರಲೊಲ್ಲದು; ಬೆರಳಿಗೆ ಮಾತ್ರ ಹಳೆಯ ಪರಿಚಯ. ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಗ್ಗುವ ಅಮ್ಮನ ಹೆಗಲನ್ನು ಅವಳು ಒತ್ತಿದ್ದು ಒಂದೆರಡು ದಿನವಲ್ಲ. ಹೆಗಲೆಲುಬಿನ ಏಣು ಹಿಡಿದು ಹೆಬ್ಬೆರಳನ್ನು ಮೇಲಿನ ಹಳ್ಳಕ್ಕೆ ಜಾರಿಸಿದಳು. ಮೇಡಂ ಉಸಿರು ಬಿಗಿಹಿಡಿದರು.

"ಬಲಗೈ ಮೇಲೆತ್ತಿ, ಮೇಡಂ."

"ಪರೀಕ್ಷೆ ನಿನಗೋ ನನಗೋ?"

"ಸ್ವಲ್ಪ ಎತ್ತಿ."

ಕೈ ಹೆಗಲ ಮಟ್ಟಕ್ಕೆ ಬಂದು ನಿಂತಿತು; ಅದಕ್ಕಿಂತ ಮೇಲೇಳಲಿಲ್ಲ. ಹುಡುಗಿಯ ಕಣ್ಣು ಗೋಡೆಯತ್ತ ಹೋಯಿತು. ಮೇಡಂ ದಿನಾ ತಾವೇ ತೂಗುಹಾಕುವ ಭುಜದ ಸ್ನಾಯುಗಳ ಪಟ ಈಚೆಗೆ ಹಳೆಯ ಮೊಳೆ ಬಿಟ್ಟು ಎರಡು ಗೇಣು ಕೆಳಗಿಳಿದಿತ್ತು. ಕಾಣಿಸುವುದಿಲ್ಲವೆಂದು ಹಿಂದಿನ ಬೆಂಚಿನವರು ಗೊಣಗಿದ್ದೂ ಉಂಟು.

"ನೋವು ಯಾವಾಗಿನಿಂದ, ಮೇಡಂ? ಪಟ ಕೆಳಗೆ ಬಂದಾಗಿನಿಂದಲಾ?"

ಮೇಡಂ ತೊಡೆಯ ಮೇಲಿದ್ದ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು, ಬಾಗಿಲಾಚೆ ಸರದಿಯಲ್ಲಿ ನಿಂತವರಿಗೆ, "ಇನ್ನೊಂದು ಹತ್ತು ನಿಮಿಷ ಕಾಯ್ರಪ್ಪ," ಎಂದರು. ಆಮೇಲೆ ದನಿ ತಗ್ಗಿಸಿ, "ನೀನು ಕೈ ತೆಗೀಬೇಡ."