ಗುರುಗಳು ಕೂತ ಕೋಣೆ

ಒಳ್ಳೆ ಕೋಣೆಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಬೀಗಕ್ಕೊಂದು ಹೂವಿನ ಹಾರ ಬೇರೆ. ಮುಖ್ಯೋಪಾಧ್ಯಾಯಿನಿ ತಮ್ಮ ಕೈಯಲ್ಲಿದ್ದ ಹಳೆಯ ಬೀಗದ ಕೈಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಬೆನ್ನ ಹಿಂದೆ ಮಕ್ಕಳು ಚೀಲ ಹೊತ್ತು ನಿಂತಿದ್ದರು.

"ಯಾರಪ್ಪಾ ಇದನ್ನ ಹಾಕಿದ್ದು?"

"ನಾವೇ ಟೀಚರ್," ಎನ್ನುತ್ತ ಜಗಲಿಯಿಂದ ಎದ್ದು ಬಂದವನು ಸಿಮೆಂಟಂಗಡಿಯವನು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದ. ಏಳರ ಮಗ್ಗಿ ಬಾರದೆ ಇದೇ ಬಾಗಿಲ ಪಕ್ಕ ಗಂಟೆಗಟ್ಟಲೆ ನಿಂತವನು ಅವನು. ಈಗ ಗುರುಗಳ ಸೇವಾ ಸಮಿತಿಯ ಅಧ್ಯಕ್ಷ. "ನಿನ್ನೆ ಗುರುಗಳು ಕೂತ ಜಾಗ ಅಲ್ವಾ? ಇನ್ನು ಅಲ್ಲಿ ಹುಡುಗರು ಕಾಲಿಡೋದು ಹೇಗೆ, ನೀವೇ ಹೇಳಿ."

"ಪಾಠ ಎಲ್ಲಿ ಮಾಡ್ಲಿ?"

"ಇನ್ನೊಂದು ರೂಮಿದೆಯಲ್ಲ!"

ಇತ್ತು, ಇಲ್ಲವೆನ್ನುವಂತಿಲ್ಲ. ಆ ಶಾಲೆಗೆ ಇದ್ದದ್ದೇ ಎರಡು ಕೋಣೆ. ಒಂದು ಸೋರುತ್ತಿತ್ತು, ಒಂದು ಸೋರುತ್ತಿರಲಿಲ್ಲ. ಮಳೆ ಬಂತೆಂದರೆ ಎಲ್ಲ ತರಗತಿಗಳೂ ಒಳ್ಳೆ ಕೋಣೆಗೆ ಓಡಿಬಂದು ಮೈಗೆ ಮೈ ಅಂಟಿಸಿಕೊಂಡು ಕೂರುತ್ತಿದ್ದವು. ಅದೂ ಇಲ್ಲದಿದ್ದರೆ ಮಳೆಗಾಲವಿಡೀ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ಹಾಗೆ ಉಳಿದವರಲ್ಲಿ ಎಷ್ಟು ಜನ ತಿರುಗಿ ಬರುತ್ತಾರೆ ಎಂಬುದು ಮುಖ್ಯೋಪಾಧ್ಯಾಯಿನಿಗೆ ಚೆನ್ನಾಗಿ ಗೊತ್ತಿತ್ತು.

ಗುರುಗಳು ಪ್ರವಚನದ ಪೀಠದಿಂದಿಳಿದು ಚುನಾವಣೆಗೆ ನಿಂತು ಗೆದ್ದು, ಯಾರೂ ಕೇಳದೆ ಉಳಿದಿದ್ದ ಶಿಕ್ಷಣ ಖಾತೆಗೆ ಮಂತ್ರಿಯಾಗಿದ್ದರು. ಅವರೇ ಶಾಲೆಗೆ ಬರುತ್ತಾರೆಂದಾಗ ಈಕೆಗೆ ಹೋದ ಜೀವ ಬಂದಂತಾಗಿತ್ತು. ಛಾವಣಿಗಾಗಿ ಕಚೇರಿ ಕಚೇರಿ ಅಲೆದು ಕಾಲು ಸವೆದಿದ್ದವು. ಮಂತ್ರಿಯೇ ಕಣ್ಣಾರೆ ನೋಡಿದರೆ ಮುಗಿಯಿತಲ್ಲ! ಆದರೆ ಮನೆಗೆ ಬಂದ ದೊಡ್ಡವರಿಗೆ ಹರಕು ಚಾಪೆ ಹಾಸುವವರುಂಟೆ? ಒಳ್ಳೆ ಕೋಣೆಯನ್ನೇ ತೊಳೆದು ಒರೆಸಿದರು. ಸೋರುವ ಕೋಣೆಯ ಬಕೆಟ್ಟುಗಳನ್ನೆಲ್ಲ ಬಾಗಿಲ ಮರೆಗೆ ತಳ್ಳಿದರು. ಮರ್ಯಾದೆಯ ಪ್ರಶ್ನೆ ನೋಡಿ.

ಗುರುಗಳು ಬಂದು ಕೂತು ಮೇಲೊಮ್ಮೆ ನೋಡಿ, "ಒಳ್ಳೆ ಗಾಳಿ, ಒಳ್ಳೆ ಬೆಳಕು. ಸಂತೋಷವಾಯಿತು," ಎಂದಿದ್ದರು. "ಸ್ವಾಮಿ, ಪಕ್ಕದ ಕೋಣೆ..." ಎಂದು ಈಕೆ ಬಾಯಿ ತೆರೆಯುವ ಹೊತ್ತಿಗೆ ಅವರ ಕೈ ಆಶೀರ್ವಾದಕ್ಕೆ ಎದ್ದಿತ್ತು. ಕೈ ಎದ್ದಿತೆಂದು ಈಕೆಯ ತಲೆ ತಾನಾಗಿಯೇ ಬಗ್ಗಿತು. ಬಗ್ಗಿದ ತಲೆ ಎತ್ತುವಷ್ಟರಲ್ಲಿ ಕಾರು ಹೊರಟಿತ್ತು. ರಾತ್ರಿಯಿಡೀ ತನ್ನ ತಲೆಯ ಮೇಲೇ ಸಿಟ್ಟು ಬಂದಿತ್ತು ಆಕೆಗೆ.

"ಆ ರೂಮು ಸೋರುತ್ತೆ ಅಂತ ನಿಂಗೆ ಗೊತ್ತಿಲ್ವೇನೋ? ನೀನೂ ಅಲ್ಲೇ ನೆನೆದವನು," ಎಂದರು ಈಗ.

"ನೆನೆದ್ರೂ ಬೆಳೆದ್ವಲ್ಲ ಟೀಚರ್," ಎಂದು ಅವನು ನಕ್ಕ.

ಆಗಲೇ ಗೇಟಿನಿಂದ ಸಾಲು ಶುರುವಾಗಿತ್ತು. ಕಿಟಕಿಯಿಂದ ಗುರುಗಳು ಕೂತ ಕುರ್ಚಿಯನ್ನು ನೋಡಿ ಕೈಮುಗಿಯಲು ಬಂದವರು. ಎಲ್ಲ ಪರಿಚಿತ ಮುಖಗಳೇ, ಈ ಮಕ್ಕಳ ತಂದೆ ತಾಯಂದಿರು. ಪೋಷಕರ ಸಭೆ ಕರೆದಾಗ ಖಾಲಿ ಬೆಂಚುಗಳಿಗೇ ವಂದನಾರ್ಪಣೆ ಮಾಡಿ ಮುಗಿಸಿದ್ದು ಆಕೆಗೆ ನೆನಪಾಯಿತು. ಸಾಲಿನಲ್ಲಿದ್ದ ತಾಯಿಯೊಬ್ಬಳ ಹತ್ತಿರ ಹೋದರು.

"ಏನಮ್ಮಾ, ಮಗಳ ಓದಿನ ವಿಷಯ ಮಾತಾಡೋಣ ಬಾ ಅಂತ ಎಷ್ಟು ಸಲ ಹೇಳಿ ಕಳಿಸಿದ್ದೆ?"

"ನಮಗೆಲ್ಲಿ ಪುರುಸೊತ್ತು ಟೀಚರಮ್ಮಾ," ಎಂದಳು ಅವಳು, ಸಾಲು ತಪ್ಪೀತೆಂದು ಒಂದು ಹೆಜ್ಜೆ ಮುಂದೆ ಸರಿಯುತ್ತ.

ಸಿಮೆಂಟಂಗಡಿಯವನಿಗೆ ಅಷ್ಟಿಷ್ಟು ಕನಿಕರ ಬಂದಿರಬೇಕು. "ಬೇಜಾರು ಮಾಡ್ಕೋಬೇಡಿ. ಸಮಿತಿಯಿಂದ ಹೊಸ ಛಾವಣಿ ಹಾಕಿಸ್ತಿದ್ದೀವಿ. ಸಿಮೆಂಟು ನನ್ನದೇ."

ಮುಖ್ಯೋಪಾಧ್ಯಾಯಿನಿಯ ಮುಖ ಅರಳಿತು. "ಯಾವಾಗಪ್ಪಾ? ಮಳೆ ಜೋರಾಗೋದ್ರೊಳಗೆ ಆದ್ರೆ..."

"ಈ ವಾರದಲ್ಲೇ. ಗುರುಗಳ ಕೋಣೆ ಹಾಗೇ ಬಿಡೋಕಾಗುತ್ತಾ?"

"ಅದು ಸೋರಲ್ಲ ಕಣಪ್ಪಾ! ಸೋರೋದು ಆಚೆ ಕಡೇದು."

"ಆಚೆ ಕಡೇದಕ್ಕೆ ಯಾರು ಕೊಡ್ತಾರೆ ಟೀಚರ್?" ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಗುರುಗಳನ್ನು ಒಳ್ಳೆ ಕೋಣೆಯಲ್ಲಿ ಕೂರಿಸಿದ್ದು ತಾನೇ ಅಲ್ಲವೆ, ಇನ್ನು ಯಾರನ್ನು ಬೈಯುವುದು? ಆಕೆ ಮಕ್ಕಳನ್ನು ಕರೆದುಕೊಂಡು ಸೋರುವ ಕೋಣೆಗೆ ಹೋದರು. ಬಾಗಿಲ ಮರೆಯಿಂದ ಬಕೆಟ್ಟುಗಳನ್ನು ಈಚೆಗೆಳೆದು ತೂತುಗಳ ನೇರಕ್ಕೆ ಒಂದೊಂದಾಗಿ ಇಟ್ಟರು. ಮಕ್ಕಳು ಬಕೆಟ್ಟುಗಳ ನಡುವೆ ಜಾಗ ಹುಡುಕಿಕೊಂಡು ಕೂತರು. ಹೊರಗೆ ತುಂತುರು ಶುರುವಾಗಿತ್ತು.

ಸಿಮೆಂಟಂಗಡಿಯವನು ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತ. ಇಲ್ಲಿ ಚಪ್ಪಲಿ ಬಿಟ್ಟಿರಲಿಲ್ಲ. ಮೇಲೆ ನೋಡಿದ, ಕೆಳಗೆ ನೋಡಿದ. ಏನೋ ಹೊಳೆದಂತೆ ಅವನ ಮುಖ ಬೆಳಗಿತು.

"ಟೀಚರ್, ಒಂದು ಉಪಾಯ ಇದೆ. ಛಾವಣಿ ಮುಗಿದ ಮೇಲೆ ಗುರುಗಳು ಮತ್ತೆ ಬರ್ತಾರೆ. ಆವಾಗ ಈ ರೂಮಲ್ಲೂ ಐದು ನಿಮಿಷ ಕೂರಿಸಿಬಿಡೋಣ. ಆಮೇಲೆ ನೋಡಿ, ಇದಕ್ಕೂ ಛಾವಣಿ ತಾನಾಗೇ ಬರುತ್ತೆ!"

ಅರೆಗಳಿಗೆ ಆಕೆಗೆ ಆಸೆಯಾದದ್ದು ನಿಜ. ಆಮೇಲೆ ಕಪ್ಪು ಹಲಗೆಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿ, ಸುಣ್ಣದಕಡ್ಡಿ ಕೈಗೆತ್ತಿಕೊಂಡರು.

"ಬೇಡಪ್ಪಾ, ನಿನ್ನ ದಮ್ಮಯ್ಯ. ಸೋರುತ್ತೆ ಅಂತಲೇ ಇದಿನ್ನೂ ನಮ್ಮ ಕೈಯಲ್ಲಿರೋದು."