ಹೊರಗಿನಿಂದ ಹಾಕಿಕೊಂಡದ್ದು

ಶಿವರಂಜನಿ ಕಂಪ್ಯೂಟರಿನ ನೆಟ್ ವೈರನ್ನು ಕಿತ್ತು ನೆಲಕ್ಕೆ ಎಸೆದಳು. ಹಣೆಯ ಸ್ಟಿಕ್ಕರ್ ತೆಗೆದು ಕ್ಯಾಮೆರಾದ ಕಣ್ಣಿಗೆ ಅಂಟಿಸಿದಳು.

ಅವಳು ಟೈಪ್ ಮಾಡುತ್ತಿದ್ದ ಪುಸ್ತಕದ ಕೊನೆಯಲ್ಲಿ, ಅವಳು ಬರೆಯದ ಸಾಲೊಂದು ಕೂತಿತ್ತು: ‘ಎಲ್ಲಾ ಕಡೆ ಹರಡಿಬಿಟ್ಟಿದೆ ಇನ್ನು ತೆಗೆಯೋಕೆ ಆಗಲ್ಲ’.

ವೈರಸ್ಸು. ಅದೇ ಬಾಯಿಬಿಟ್ಟು ಹೇಳುತ್ತಿದೆ.

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವಳು ಕೆಂಗೇರಿಯ ಗೆಳತಿ ಅನಘಾ. ಅವತ್ತೇ ಎಚ್ಚರಿಸಿದ್ದಳು: “ಏನೇ ಬೇಕಾದ್ರೂ ಇದರದ್ದೇ ಸ್ಟೋರಿಂದ ಹಾಕ್ಕೋ. ಹೊರಗಡೆಯದ್ದು ಮಾತ್ರ ಬೇಡ ಕಣೇ.” ಹೇಳುವುದೇನೋ ಸುಲಭ. ಆ ಸ್ಟೋರಿನಲ್ಲಿ ನಕ್ಷತ್ರ ನೋಡುವುದಕ್ಕೂ ಸಾಫ್ಟ್‌ವೇರ್ ಇತ್ತು. ಪುಸ್ತಕ ಟೈಪ್ ಮಾಡಲು ಕೊಟ್ಟ ಕಾಮಾಕ್ಷಿಪಾಳ್ಯದ ಮುದ್ರಕರು ಕೇಳಿದ ಕನ್ನಡ ಕೀಲಿಮಣೆಯ ಸಾಫ್ಟ್‌ವೇರ್ ಮಾತ್ರ ಇರಲಿಲ್ಲ. ಯಾವುದೋ ಜಾಲತಾಣದಿಂದ ಒಂದು ಸಾಲು ಕಮ್ಯಾಂಡ್ ತಂದು ಟರ್ಮಿನಲ್ ಎಂಬ ಕಪ್ಪು ಚೌಕದಲ್ಲಿ ಅಂಟಿಸಿದಳು. ಅದು ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಇಂಗ್ಲಿಷಿನಲ್ಲಿ ಇನ್ನೂ ಏನೇನೋ ಕೇಳಿತು. ಎಲ್ಲಕ್ಕೂ ಹೂಂ ಎಂದಳು. ಕಳ್ಳನ ಕೈಗೆ ಮನೆಯ ಬೀಗದಕೈ ಕೊಟ್ಟಂತಾಯಿತು.

ಅಂದಿನಿಂದ ಶುರು. ಅವಳು ಕೂತು ಕೆಲಸ ಮಾಡುವಾಗ ಏನೂ ಇಲ್ಲ. ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಒಂದು ಸಾಲು. ಒಮ್ಮೆ ‘ಅವಳಿಗೆ ಗೊತ್ತಾಗಬಾರದು’. ಇನ್ನೊಮ್ಮೆ ‘ಸಬ್ಬಸಿಗೆ ಮೆಂತ್ಯ ಸೊಪ್ಪು’. ಅವಳು ಹೆಚ್ಚು ಹೆದರಿದ್ದು ಎರಡನೆಯದಕ್ಕೇ. ಅವತ್ತು ಬೆಳಿಗ್ಗೆ ಬಾಗಿಲಿಗೆ ಹೋಗಿ ಅವಳು ಕೊಂಡದ್ದು ಸಬ್ಬಸಿಗೆಯನ್ನೇ. ಯಾರೋ ನೋಡುತ್ತಿದ್ದಾರೆ!

ಅನಘಾಳಿಂದ ಬೈಸಿಕೊಳ್ಳಬೇಕಲ್ಲ ಎಂದು ಅವಳಿಗೆ ಹೇಳಲಿಲ್ಲ. ಗಂಡ ಸಿದ್ದಲಿಂಗೇಶ್‌ಗೂ ಹೇಳಲಿಲ್ಲ. ಈಚೆಗೆ ಅವನೇ ಸೊರಗಿದ್ದ, ರಜೆ ಹಾಕಿ ಮನೆಯಲ್ಲಿದ್ದ. ಸುಮ್ಮನೆ ಅವನ ತಲೆಗೇಕೆ ಹುಳ ಬಿಡುವುದು? ಆದರೆ ವೈರು ಕಿತ್ತ ದಿನವೇ ಮಧ್ಯಾಹ್ನ ಅವನು ಫೋನ್ ಹಿಡಿದು ಕಂಪ್ಯೂಟರ್ ಕೋಣೆಯಿಂದ ಹೊರಬಂದಾಗ ತಡೆಯಲಾಗಲಿಲ್ಲ. ವಿಜಯನಗರದ ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಆ ಕೋಣೆಯ ಕಿಟಕಿಯ ಬಳಿ ಮಾತ್ರ.

“ಕಂಪ್ಯೂಟರ್ ಮುಟ್ಟಿದ್ರಾ?”

“ಇಲ್ಲಪ್ಪ. ನಂಗ್ಯಾಕೆ ಅದು?” ಅವನು ಮುಖ ತಿರುಗಿಸಿದ. “ನೀನೂ ಸ್ವಲ್ಪ ದಿನ ಅದನ್ನ ಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು.”

ಒಳಗೆ ಓಡಿದಳು. ವೈರು ನೆಲದ ಮೇಲೆಯೇ ಇತ್ತು. ಸ್ಟಿಕ್ಕರ್ ಅಂಟಿಕೊಂಡೇ ಇತ್ತು. ಹೊಸ ಸಾಲು ಬಂದಿತ್ತು: ‘ಯುಗಾದಿ ತನಕ ಇದ್ರೆ ಹೆಚ್ಚು’.

ಪುಸ್ತಕ ಮುಗಿಸಿ ಕೊಡಬೇಕಾದದ್ದು ಯುಗಾದಿಗೆ. ಅದೂ ಈ ಕಳ್ಳನಿಗೆ ಗೊತ್ತು! ಅಷ್ಟರೊಳಗೆ ಎಲ್ಲವನ್ನೂ ಅಳಿಸಿಹಾಕುತ್ತಾನೆ. ಭಯಕ್ಕೆ ಹೊಟ್ಟೆಯ ನೋವು ಮತ್ತೆ ಕಿವುಚಿಕೊಂಡು ಬಂತು. ನಾಚಿಕೆ ಬಿಟ್ಟು, ಕಿಟಕಿಯ ಬಳಿ ನಿಂತು ಅನಘಾಗೆ ಫೋನ್ ಮಾಡಿದಳು.

“ಅನಘಾ, ಯಾರೋ ಒಳಗೆ ಸೇರ್ಕೊಂಡಿದಾರೆ ಕಣೇ!”

ಕಣ್ಣೆದುರೇ ಪರದೆಯಲ್ಲಿ ಅಕ್ಷರಗಳು ಮೂಡಿದವು: ‘ಅನಘಾ ಯಾರೋ ಒಳಗೆ ಸೇರ್ಕೊಂಡಿದಾರೆ ಕಣೇ’.

ಶಿವರಂಜನಿ ಚೀರಿದಳು. ನಡೆದದ್ದನ್ನೆಲ್ಲ ತೊದಲುತ್ತಾ ಹೇಳಿದಳು. ಅದನ್ನೂ ಪರದೆ ಬರೆದುಕೊಂಡಿತು.

ಅತ್ತ ಅನಘಾ ಬಿದ್ದು ಬಿದ್ದು ನಕ್ಕಳು. “ಅಯ್ಯೋ ಪೆದ್ದಿ! ಎಲ್ಲದಕ್ಕೂ ಹೂಂ ಅಂದ್ಯಲ್ಲ, ಕೀಬೋರ್ಡ್ ಜೊತೆ ವಾಯ್ಸ್ ಟೈಪಿಂಗೂ ಬಂದಿದೆ. ಅದಕ್ಕೆ ನೆಟ್ ಬೇಡ, ಕ್ಯಾಮೆರಾನೂ ಬೇಡ. ಕಿವಿಗೆ ಬಿದ್ದಿದ್ದನ್ನ ಬರೆಯುತ್ತೆ, ಅಷ್ಟೇ. ಸೊಪ್ಪಿನವಳು ಕೂಗಿದ್ದೂ ಸೇರಿ! ವೈರಸ್ಸೂ ಇಲ್ಲ, ಮಣ್ಣೂ ಇಲ್ಲ.”

ಶಿವರಂಜನಿಗೆ ಹೋದ ಜೀವ ಬಂದಂತಾಯಿತು. ಅವಳೂ ನಕ್ಕಳು. ನಗುತ್ತಲೇ ಇಷ್ಟು ದಿನ ಹೆದರಿಸಿದ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಸೊಪ್ಪಿನದೇನೋ ಸೊಪ್ಪಿನವಳ ಮಾತು. ಉಳಿದವು?

“ಯಾಕೆ ಕೂಗ್ದೆ? ಮತ್ತೆ ಹೊಟ್ಟೆ ನೋವಾ?” ಬಾಗಿಲಲ್ಲಿ ಸಿದ್ದಲಿಂಗೇಶ್ ಮಾತ್ರೆ, ನೀರಿನ ಲೋಟ ಹಿಡಿದು ನಿಂತಿದ್ದ. “ಸ್ಕ್ಯಾನಲ್ಲಿ ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರು. ಬರೀ ಗ್ಯಾಸ್ಟ್ರಿಕ್ ಕಣೇ.”

ಅದೇ ಪುಟದಲ್ಲಿ, ‘ಎಲ್ಲಾ ಕಡೆ ಹರಡಿಬಿಟ್ಟಿದೆ’ ಎಂಬ ಅವನದೇ ಮಾತಿನ ಕೆಳಗೆ, ‘ಬರೀ ಗ್ಯಾಸ್ಟ್ರಿಕ್ ಕಣೇ’ ಎಂದು ಮೂಡಿತು.